ಕುರಣದ ಹಾಳೆಯಲ್ಲಿ ಬರೆಯದ ಷರಾ

ಸೋತವರು ಸೆಗಣಿ ತೆಗೆಯಬೇಕು. ನನ್ನ ಮಾವಶಿಯ ಮನೆಯಲ್ಲಿ ಇದ್ದದ್ದು ಇದೊಂದೇ ಕಾನೂನು, ಅದಕ್ಕೆ ಅಪೀಲು ಇರಲಿಲ್ಲ.

ಮಾವಶಿ ಎಂದರೆ ನನ್ನ ತಾಯಿಯ ತಂಗಿ. ಮಿರಜದ ಪೇಟೆಯಲ್ಲಿ ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಬೆಳೆದ ಆಕೆಯನ್ನು ಲಿಂಗನೂರು ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿಗೆ, ಮೂರು ಎಮ್ಮೆ ಕಟ್ಟಿದ ಮನೆಗೆ ಕೊಟ್ಟಿದ್ದರು. ಹೋದ ಒಂದೇ ವರ್ಷಕ್ಕೆ ಅತ್ತೆಗೇ ಎಮ್ಮೆಯ ಬಗ್ಗೆ ಪಾಠ ಹೇಳುವಷ್ಟಾದಳಂತೆ. ಇದು ಆಕೆಯೇ ಹೇಳಿದ ಕಥೆ, ಆದ್ದರಿಂದ ಅರ್ಧ ನಂಬಿದರೆ ಸಾಕು. ಮೇ ತಿಂಗಳ ರಜೆಯಲ್ಲಿ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಮನೆಯಲ್ಲಿ ನನ್ನ ಬಾಯಿ ತಡೆಯಲಾರದೆ ಕಳಿಸುತ್ತಿದ್ದರು ಎಂದು ಅವ್ವ ಈಗಲೂ ಹೇಳುತ್ತಾಳೆ. ಮಾವಶಿಗೆ ಮಾತ್ರ ನನ್ನ ಬಾಯಿಯೇ ಬೇಕಾಗಿತ್ತು. ಬಸ್ಸು ಇಳಿದ ಕೂಡಲೇ ಶುರು: "ಬಾ ವಕೀಲಬಾಯಿ. ಈ ಸಲಾ ಏನ ಸುಳ್ಳ ತಂದಿ?"

ನಾವು ವಾದ ಮಾಡುತ್ತಿದ್ದದ್ದು ಕನ್ನಡದಲ್ಲಿ. ಹೊಸ್ತಿಲು ದಾಟಿದರೆ ಎಲ್ಲ ಮರಾಠಿ, ಒಳಗೆ ಮಾತ್ರ ಕನ್ನಡ. ಮಿರಜದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರಗಳಿಗೆ ಮುಂದೆ ಜೀವ ಉಳಿದದ್ದು ಆ ಜಗಳಗಳಿಂದ. ಎಮ್ಮೆ ಜಾಣೆಯೋ ಆಕಳು ಜಾಣೆಯೋ, ಹಾವು ಹಾಲು ಕುಡಿಯುತ್ತದೆಯೋ ಇಲ್ಲವೋ, ಅಮಾವಾಸ್ಯೆಯ ದಿನ ಕೂದಲು ಕತ್ತರಿಸಿದರೆ ಏನಾಗುತ್ತದೆ. ಎಂಟನೆಯ ಇಯತ್ತೆಯಲ್ಲಿದ್ದಾಗ ಆಕೆ ಒಂದು ದಿನ ಹೇಳಿದಳು, "ವಾರಣಾದ ನೀರ ಸಿಹಿ. ಕೃಷ್ಣಾದ್ದ ಸಪ್ಪಗ. ಕಣ್ಣ ಮುಚ್ಚಿ ಹೇಳ್ತೇನಿ ನಾ." ಅಷ್ಟು ಸಿಕ್ಕರೆ ನಾನು ಬಿಡುತ್ತೇನೆಯೆ? ಎರಡೂ ನದಿ ಕೂಡುವ ಹರಿಪುರಕ್ಕೆ ಹೋದವಳು ಅವುಗಳ ನೀರನ್ನು ಬೇರೆ ಬೇರೆ ಬಾಟಲಿಯಲ್ಲಿ ತಂದು, ಆಕೆಯ ಕಣ್ಣಿಗೆ ಆಕೆಯದೇ ಸೆರಗು ಕಟ್ಟಿ, ಲೋಟದಲ್ಲಿ ಕೊಟ್ಟೆ. ನಾಲ್ಕು ಸಲ ಕುಡಿದಳು. ಮೂರು ಸಲ ತಪ್ಪಿದಳು.

"ಲೋಟಾ ಸರಿ ತೊಳದಿಲ್ಲ ನೀ."

"ಒಂದ ನೀರಿನ್ಯಾಗ ಎರಡೂ ಲೋಟಾ ತೊಳದೇನಿ."

"ಆತು. ಆದ್ರ ಸೋತಾಕಿ ನಾ ಅಲ್ಲ, ನನ್ನ ನಾಲಿಗಿ," ಎಂದು ಬುಟ್ಟಿ ಎತ್ತಿಕೊಂಡು ಎಮ್ಮೆಯ ಗೋದಲಿಯ ಕಡೆ ಹೋದಳು. ಸೆಗಣಿ ಬಳಿಯುತ್ತ ಒಳಗಿನಿಂದ ಮತ್ತೆ ಕೂಗಿದಳು: "ವಾರಣಾದ್ದ ಸಿಹಿನ ಐತಿ." ಆ ವಿಷಯದಲ್ಲಿ ಆಕೆ ಸೆಗಣಿ ತೆಗೆದಳೇ ಹೊರತು ಒಪ್ಪಲಿಲ್ಲ. ಎಷ್ಟೋ ವರ್ಷ ಒಪ್ಪಲಿಲ್ಲ.

ಮುಂದೆ ವಿಶ್ರಾಮಬಾಗದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ನಿಲ್ಲಲು ಶುರು ಮಾಡಿದಾಗ ವೇದಿಕೆಯ ಮೇಲೆ ನನಗೆ ಎಂದೂ ಅಂಜಿಕೆಯಾಗಲಿಲ್ಲ. ಮಾವಶಿಗಿಂತ ಕಠಿಣವಾದ ಎದುರಾಳಿ ಯಾವ ಕಾಲೇಜಿನಿಂದಲೂ ಬರಲಿಲ್ಲ. ಅಲ್ಲಿ ನನಗೆ ಒಂದು ಆಯುಧ ಸಿಕ್ಕಿತು, "ಸಾಕ್ಷಿ ಎಲ್ಲಿ?" ಎನ್ನುವ ಎರಡು ಶಬ್ದ. ಅದನ್ನು ಹಿಡಿದುಕೊಂಡು ಮನೆತುಂಬ ಓಡಾಡಿದೆ. ಅಪ್ಪನ ಅಂಗಡಿಗೆ ಕಟ್ಟಿದ ಲಿಂಬೆ–ಮೆಣಸಿನಕಾಯಿಯನ್ನು ಬಿಚ್ಚಿದೆ, ಅಪ್ಪ ಮತ್ತೆ ಕಟ್ಟಿದರು, ಮತ್ತೆ ಬಿಚ್ಚಿದೆ. ತೋರಿಸಲಾಗದ್ದು ಇಲ್ಲ. ಇದು ನನ್ನ ಧರ್ಮವಾಗಿತ್ತು, ಧರ್ಮವನ್ನೇ ನಂಬದವಳ ಧರ್ಮ.

ಸಸ್ಯಶಾಸ್ತ್ರ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಹುಲ್ಲು ಎಣಿಸುವುದು. ಯಾರಿಗೆ ಹೇಳಿದರೂ ನಗುತ್ತಿದ್ದರು. ಕೆಲಸದ ಜಾಗ ಯಾವುದು ಎಂದು ಗೊತ್ತಾದಾಗ ನಾನೂ ನಕ್ಕೆ. ಮಾವಶಿಯ ಊರಿನ ಗಾಯರಾಣ, ಊರ ದನಗಳೆಲ್ಲ ಮೇಯುವ ಸಾರ್ವಜನಿಕ ಜಾಗ. ಒಂದು ತಗ್ಗಾದ ಗುಡ್ಡ. ಅದರ ದಕ್ಷಿಣ ಮಗ್ಗುಲನ್ನು ಕಲ್ಲಿನ ಖಣಿ ನಾನು ಹುಟ್ಟುವ ಮೊದಲೇ ತಿನ್ನಲು ಶುರು ಮಾಡಿತ್ತು. ಮಧ್ಯಾಹ್ನ ಸೀಟಿ ಊದುತ್ತಿದ್ದರು, ಕಲ್ಲು ಸಿಡಿಸುವ ಮದ್ದಿನ ಸುರಂಗ ಹಾರುತ್ತಿತ್ತು, ಎಮ್ಮೆಗಳು ಒಮ್ಮೆ ಕಿವಿ ಅಲುಗಿಸಿ ಮತ್ತೆ ಮೆಲುಕು ಹಾಕುತ್ತಿದ್ದವು. ಈಗ ಖಣಿಯವರಿಗೆ ಇನ್ನಷ್ಟು ಜಾಗ ಬೇಕಾಗಿತ್ತು, ಉತ್ತರದ ಇಳಿಜಾರಿನ ತನಕ. ಕೊಡುವ ಮೊದಲು ಅಲ್ಲಿ ಏನು ಬೆಳೆಯುತ್ತದೆ ಎಂದು ನೋಡಿ ವರದಿ ಕೊಡಬೇಕಿತ್ತು. ಹುಲ್ಲುಗಾವಲು ಎಂದು ಬರೆದರೆ ಫೈಲು ನಿಲ್ಲಬಹುದು. ಬರಡು ಎಂದು ಬರೆದರೆ ಮುಂದೆ ಹೋಗುತ್ತದೆ. ಇಷ್ಟೇ ಪ್ರಶ್ನೆ.

ಕೆಲಸದ ಮುಖ್ಯಸ್ಥರನ್ನು ನಾವು ಸರ್ ಎನ್ನುತ್ತಿದ್ದೆವು. ಬೇರೆ ಜಿಲ್ಲೆಯವರು, ಮರಾಠಿ ಮಾತಾಡುವವರು, ಒಂದೇ ತಿಂಗಳಲ್ಲಿ ಎಷ್ಟೋ ಗುಡ್ಡ ಹತ್ತಿ ಇಳಿದು ಸುಸ್ತಾದವರು. ಕೆಟ್ಟವರಲ್ಲ. ಅವರ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳುವಂತಿದ್ದರೆ ಈ ಬರಹದ ಅಗತ್ಯವೇ ಇರಲಿಲ್ಲ. ವರದಿಯನ್ನು ಮಳೆಗೆ ಮೊದಲೇ ಕೊಡಬೇಕಾಗಿತ್ತು, ಆದ್ದರಿಂದ ನಾವು ಹೋದದ್ದು ಮೇ ಕೊನೆಯಲ್ಲಿ.

ಮೊದಲ ದಿನವೇ ಮಾವಶಿ ತಲೆಗೆ ಸೆರಗು ಸುತ್ತಿಕೊಂಡು, ನೀರಿನ ಬಾಟಲಿ ಹಿಡಿದು ಗುಡ್ಡಕ್ಕೆ ಬಂದಳು. ಯಾರೂ ಕರೆದಿರಲಿಲ್ಲ. ನನ್ನ ಕೈಯಲ್ಲಿದ್ದ ಚೌಕಟ್ಟನ್ನು ನೋಡಿದಳು. ನಲ್ಲಿಗೆ ಹಾಕುವ ಪ್ಲಾಸ್ಟಿಕ್ ಪೈಪನ್ನು ಕತ್ತರಿಸಿ ಒಂದು ಮೀಟರಿನ ಚೌಕ ಮಾಡಿ, ಅಡ್ಡಡ್ಡ ಉದ್ದುದ್ದ ದಾರ ಕಟ್ಟಿದ್ದೆವು.

"ಏನ ಇದು, ಕಿಟಕಿ ಹಚ್ಚಾಕ ಬಂದೀರೇನ ಗುಡ್ಡಕ್ಕ?"

"ಇದನ್ನ ನೆಲದ ಮ್ಯಾಲ ಇಡೂದು. ಒಳಗ ಏನೇನ ಐತಿ ಅಷ್ಟ ಬರಿಯೂದು."

"ಹೊರಗ ಇದ್ದದ್ದು?"

"ಮುಂದಿನ ಚೌಕದಾಗ ಬಂದ್ರ ಬಂತು, ಇಲ್ಲಾಂದ್ರ ಇಲ್ಲ."

"ಮತ್ತ ನೆಲದ ಕೆಳಗ ಇದ್ದದ್ದು?"

ನಾನು ಅದನ್ನು ಮರಾಠಿಯಲ್ಲಿ ಸರ್‌ಗೆ ಹೇಳಿದೆ. ಅವರು ಹಣೆ ಒರೆಸಿಕೊಳ್ಳುತ್ತ ನಕ್ಕು, ಮಾವಶಿ ಪ್ರಶ್ನೆ ಚೆನ್ನಾಗಿ ಕೇಳುತ್ತಾರೆ ಎಂದರು. ನನಗೆ ಸಣ್ಣ ಹೊಟ್ಟೆಕಿಚ್ಚಾಯಿತು. ಪ್ರಶ್ನೆ ಚೆನ್ನಾಗಿ ಕೇಳುವವಳು ನಾನಲ್ಲವೇ?

ರಸ್ತೆಯ ಬದಿಯಲ್ಲಿ, ಖಣಿಯ ಲಾರಿಗಳು ಓಡಾಡುವ ಕಡೆ, ಬಿಳಿ ಧೂಳು ಮೆತ್ತಿದ ಗಾಜರಗವತ, ಅಂದರೆ ಪಾರ್ಥೇನಿಯಂ, ಹಸಿರಾಗಿ ನಿಂತಿತ್ತು. ಯಾವ ದನವೂ ಮೂಸದ ಕಸ ಅದು. ಮುಟ್ಟಿದರೆ ಮೈ ಕೆರೆಯುತ್ತದೆ. ಆ ಚೌಕಗಳು ತುಂಬಿ ತುಳುಕಿದವು, ನನ್ನ ಪೆನ್ನು ಓಡಿತು. ಅಲ್ಲಿಂದ ಟೇಪು ಎಳೆಯುತ್ತ ಉತ್ತರದ ಇಳಿಜಾರಿಗೆ ಬಂದೆವು. ಅಲ್ಲಿ ಇದ್ದದ್ದು ಕೆಂಪು–ಕಂದು ನೆಲ, ಕಲ್ಲು, ಒಣಗಿದ ಸೆಗಣಿ, ಗೊರಸಿನ ಗುರುತು, ನಡುನಡುವೆ ಸವೆದ ಕುಂಚದ ಬುಡದಂಥ ಕೂಳೆಗಳು. ಹಾಳೆಯಲ್ಲಿ ಕೇಳಿದ್ದು ಹಸಿರು ಹೊದಿಕೆ ಎಷ್ಟು ಎಂದು. ನಾನು ಸೊನ್ನೆ ಬರೆದೆ. ಮುಂದಿನ ಚೌಕಕ್ಕೂ ಸೊನ್ನೆ. ಅದರ ಮುಂದಿನದಕ್ಕೂ.

ಮಾವಶಿಗೆ ಓದು ಬರುತ್ತಿತ್ತು. ಬಗ್ಗಿ ನೋಡಿದಳು.

"ಸೊನ್ನಿ ಬರದಿ?"

"ಹಸರ ಇದ್ದದ್ದ ಅಷ್ಟ ಬರಿಯೂದ, ಮಾವಶಿ."

"ಹುಚ್ಚಿ, ಇದು ಕುರಣ. ಊರಾಗ ಇದರಂಥಾ ಜಾಗಾ ಇಲ್ಲ. ಛಲೋ ಐತಿ ಅಂತನ ಬೋಳ ಆಗೈತಿ."

"ಇದ್ಯಾವ ತರ್ಕ? ಬೋಳ ಇದ್ದದ್ದ ಛಲೋ ಅಂದ್ರ ಕಾಕಾನ ತಲಿನ ಊರಿಗೆಲ್ಲಾ ಛಲೋ."

ಆಕೆ ನಕ್ಕಳು. ಗಂಡನ ತಲೆಯ ಮಾತು ಬಂದರೆ ಆಕೆಗೆ ನಗು ತಡೆಯುವುದಿಲ್ಲ. ಆಮೇಲೆ ಒಂದು ಕಲ್ಲಿನ ಮೇಲೆ ಕುಳಿತು, ಸಣ್ಣವಳಿಗೆ ಹೇಳುವ ಹಾಗೆ ಹೇಳಿದಳು. ಮೊದಲ ಮಳೆ ಬಿದ್ದ ದಿನದಿಂದ ದಸರೆಯ ತನಕ ಈ ಇಳಿಜಾರಿಗೆ ಯಾರೂ ದನ ಬಿಡುವುದಿಲ್ಲ. ಹಾಗೆ ಕಾಯ್ದುಕೊಂಡ ಹುಲ್ಲಿಗೇ ಕುರಣ ಎನ್ನುವುದು. ದಸರೆ ಮುಗಿದ ಮೇಲೆ ಒಂದು ದಿನ ಗೊತ್ತು ಮಾಡಿ ಮನೆಗೊಬ್ಬರಂತೆ ಕುಡುಗೋಲು ಹಿಡಿದು ಬರುತ್ತಾರೆ, ಕೊಯ್ದು ಹೊರೆ ಕಟ್ಟಿ ಬಣವೆ ಒಟ್ಟುತ್ತಾರೆ. ಆಮೇಲೆ ದನ ಬಿಡುತ್ತಾರೆ. ಬೇಸಿಗೆ ಮುಗಿಯುವಷ್ಟರಲ್ಲಿ ದನಗಳು ಅದನ್ನು ನೆಲದ ತನಕ ಮೇಯಬೇಕು, ಸೆಗಣಿ ಹಾಕಬೇಕು. ಹಳೆಯ ಹುಲ್ಲು ನಿಂತರೆ ಹೊಸದಕ್ಕೆ ಬಿಸಿಲು ಬೀಳುವುದಿಲ್ಲ. ಹಾಗಾಗಿ ಮೇ ಕೊನೆಗೆ ಇದು ಊರಿನಲ್ಲೇ ಅತಿ ಬೋಳು ಜಾಗ.

"ಕುಸಳಿ, ಪವನ್ಯಾ, ಮಾರವೇಲ, ಕರಿಕಿ, ಎಲ್ಲಾ ಅದಾವ ಇಲ್ಲೆ. ನಿದ್ದಿ ಮಾಡಾಕತ್ತಾವ. ಒಂದ ತಿಂಗಳ ಬಿಟ್ಟ ಬರ್ರಿ. ಮೊಳಕಾಲ ಮಟ ಇರ್ತೈತಿ."

"ಸಾಕ್ಷಿ?"

ಆಕೆ ಸುತ್ತಲೂ ನೋಡಿದಳು. ಹೊದ್ದುಕೊಂಡಿದ್ದ ಸೆರಗಿನ ಅಂಚನ್ನು ಹುಡುಕಿ ಏನನ್ನೋ ಕಿತ್ತಳು. ಕುಸಳಿಯ ಬೀಜ. ಸೂಜಿಯಂಥ ಮೂತಿ, ಹಿಂದೆ ಕಪ್ಪಾದ ಉದ್ದನೆಯ ಬಾಲ. ಕೊಯ್ಲಿಗೆ ಹೋದವರ ಸೀರೆಗೆ ಧೋತರಕ್ಕೆ ಚುಚ್ಚಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ ಅದು. ಅದನ್ನು ಅಂಗೈಯಲ್ಲಿಟ್ಟು ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿದಳು. ನಾವಿಬ್ಬರೂ ತಲೆ ಬಗ್ಗಿಸಿ ನೋಡಿದೆವು. ಹಗ್ಗದಂತೆ ಹೊಸೆದುಕೊಂಡಿದ್ದ ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ತಿರುಗತೊಡಗಿತು. ಒಂದು ಸುತ್ತು, ಇನ್ನೊಂದು ಸುತ್ತು, ಆಕೆಯ ಕೈಯ ಗೆರೆಗಳ ಮೇಲೆ, ಹೋಗಲು ದಾರಿ ಹುಡುಕುವಂತೆ.

"ನೋಡ," ಎಂದಳು ಮಾವಶಿ, ಮೆಲ್ಲಗೆ. "ಜೀವ ಐತಿ."

ಈ ಜಾಗದಲ್ಲಿ ನಾನು ಬಾಯಿ ಮುಚ್ಚಿದ್ದರೆ ಸಾಕಾಗಿತ್ತು.

"ಅದು ಜೀವ ಅಲ್ಲ ಮಾವಶಿ. ಒಣಾ ನಾರ ಅದು. ನೀರ ಕುಡದ ಉಬ್ಬತೈತಿ, ಹಂಗಾಗಿ ತಿರಗತೈತಿ. ಬೀಜ ಸತ್ತಿದ್ರೂ ತಿರಗತೈತಿ. ನಿನ್ನ ಎಮ್ಮಿ ಹಗ್ಗಾ ನೀರಾಗ ಹಾಕಿದ್ರ ತಿರಗೂದಿಲ್ಲೇನ? ಹಗ್ಗಕ್ಕ ಜೀವ ಐತೇನ?"

ಆಕೆ ಅಂಗೈಯನ್ನೇ ನೋಡಿದಳು. ಪ್ರಾಮಾಣಿಕ ಎದುರಾಳಿ. ತನ್ನ ಮನೆಯ ಹಗ್ಗವನ್ನು ನೆನಪು ಮಾಡಿಕೊಂಡು, ಅದು ತಿರುಗಿದ್ದನ್ನು ನೆನಪು ಮಾಡಿಕೊಂಡು, ಹೇಳಿದಳು:

"ಹಗ್ಗದ್ದು ಖರೆ ಐತಿ."

ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇವತ್ತಿಗೂ ಇಲ್ಲ. ಯಾವ ಪುಸ್ತಕ ತೆಗೆದರೂ ಅದೇ ಇರುತ್ತದೆ. ಆ ಬಾಲಕ್ಕೆ ಜೀವವಿಲ್ಲ, ಅದು ತಿರುಗುವುದು ಸಾಕ್ಷಿಯಲ್ಲ. ಆದರೆ ನಾನು ಕೆಡವಿದ್ದು ಆಕೆಯ ಸಾಕ್ಷಿಯನ್ನು, ಆಕೆ ಹೇಳಿದ ಮಾತನ್ನಲ್ಲ. ಸಾಕ್ಷಿ ಬಿದ್ದರೆ ಮಾತೂ ಬಿತ್ತು ಎಂದುಕೊಳ್ಳುವುದು ಸ್ಪರ್ಧೆಯ ವೇದಿಕೆಯ ರೂಢಿ. ಅಲ್ಲಿ ಏಳು ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ, ಯಾರೂ ಮಳೆಗಾಗಿ ಒಂದು ತಿಂಗಳು ಕಾಯುವುದಿಲ್ಲ.

ಅಂದು ಸಾಯಂಕಾಲ ಮಾವಶಿ ಸೆಗಣಿ ತೆಗೆದಳು. ಕಾನೂನು. ಬುಟ್ಟಿ ತುಂಬುತ್ತ ಕಾಕಾನಿಗೆ ಹೇಳುತ್ತಿದ್ದಳು, "ಹಗ್ಗಕ್ಕ ಜೀವ ಐತೇನ ಅಂದ್ಲ ನೋಡ್ರಿ, ಏನ ಹೇಳ್ಲಿ ಅದಕ್ಕ?" ಆಕೆಯ ದನಿಯಲ್ಲಿ ಸೋಲಿಗಿಂತ ಹೆಮ್ಮೆಯೇ ಹೆಚ್ಚು ಇತ್ತು. ಹಾಲಿನ ಗಾಡಿ ಓಡಿಸಿ ಬಂದು ಕಾಲು ಚಾಚಿದ್ದ ಕಾಕಾ ಬೋಳುತಲೆ ಸವರಿಕೊಂಡು ಹೂಂ ಎಂದರು.

ನಾನು ಕಟ್ಟೆಯ ಮೇಲೆ ಕುಳಿತು ಹಾಳೆಗಳನ್ನು ತುಂಬುತ್ತಿದ್ದೆ. ಪ್ರತಿ ಹಾಳೆಯ ಬಲತುದಿಯಲ್ಲಿ ಷರಾ ಎಂಬ ಕಾಲಂ ಇತ್ತು. ಜೀಪು ಹತ್ತುವ ಮೊದಲು ಸರ್ ಹೇಳಿ ಹೋಗಿದ್ದರು: ಹವಾಮಾನ, ದನ ಮೇಯಿಸುವ ಪದ್ಧತಿ, ಊರವರು ಹೇಳಿದ್ದು, ಏನಾದರೂ ಇದ್ದರೆ ಷರಾದಲ್ಲಿ ಬರಿ, ನಿನಗೆ ಊರು ಗೊತ್ತು, ನನಗೆ ಗೊತ್ತಿಲ್ಲ. "ಬೇಸಿಗೆ. ಕಾಯ್ದಿಟ್ಟ ಕುರಣ. ಬುಡ ಇವೆ. ಮಳೆಯ ನಂತರ ಮತ್ತೆ ನೋಡಬೇಕು." ಇಷ್ಟು ಬರೆಯಲು ಒಂದು ಸಾಲು ಸಾಕಾಗಿತ್ತು. ನಾನು ಷರಾ ಖಾಲಿ ಬಿಟ್ಟೆ.

ಇದಕ್ಕೆ ಎರಡು ಕಾರಣ. ಒಂದು, ಹೇಳಿದವಳು ನನ್ನ ಮಾವಶಿ. ಆಕೆಯ ಎಮ್ಮೆಗಳು ಆ ಹುಲ್ಲಿನ ಮೇಲೆ ಬದುಕುತ್ತವೆ. ಬರೆದರೆ ಸಂಬಂಧಿಕರ ಪರ ಬರೆದಳು ಎಂದಾಗುತ್ತದೆ. ಎರಡು, ನಾನು ವಾದ ಗೆದ್ದಿದ್ದೆ. ಗೆದ್ದ ಮೇಲೆ ಸೋತವರ ಮಾತನ್ನು ಯಾರು ಹಾಳೆಗೆ ಇಳಿಸುತ್ತಾರೆ? ಮೊದಲನೆಯ ಕಾರಣವನ್ನು ನಾನು ಎಲ್ಲರಿಗೂ ಹೇಳಿದ್ದೇನೆ, ಕೇಳಿದವರು ತಲೆದೂಗಿದ್ದಾರೆ. ಎರಡನೆಯದನ್ನು ಹೇಳುತ್ತಿರುವುದು ಇಲ್ಲೇ.

ಕೆಲವು ವಾರಗಳ ಮೇಲೆ ಊರಿನ ಶಾಲೆಯ ಪಡಸಾಲೆಯಲ್ಲಿ ಸಭೆ ಕರೆದರು. ಮೋಡ ಕಟ್ಟುತ್ತಿತ್ತು, ಮಳೆ ಬಿದ್ದಿರಲಿಲ್ಲ. ಸರ್ ಬೇರೆ ಜಿಲ್ಲೆಯಲ್ಲಿದ್ದರು, ಅವರ ಪರವಾಗಿ ನಾನು ಹೋಗಿ ಒಂದು ಮೂಲೆಯಲ್ಲಿ ಕುಳಿತಿದ್ದೆ. ಬಂದಿದ್ದ ಅಧಿಕಾರಿ ವರದಿಯ ಕೋಷ್ಟಕವನ್ನು ಮರಾಠಿಯಲ್ಲಿ ಓದಿದರು. ರಸ್ತೆಯ ಬದಿ, ಹಸಿರು ಹೊದಿಕೆ ಚೆನ್ನಾಗಿದೆ. ಉತ್ತರದ ಇಳಿಜಾರು, ಹೊದಿಕೆ ಇಲ್ಲ, ಬರಡು. ಯಾವ ದನವೂ ಮೂಸದ ಕಸಕ್ಕೆ ನನ್ನ ಕೋಷ್ಟಕದಲ್ಲಿ ಮರ್ಯಾದೆ ಸಿಕ್ಕಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಯಾರೋ, ಅದು ಕುರಣ ಸಾಹೇಬರೇ, ಬರಡು ಹೇಗಾದೀತು ಎಂದರು. ಅಧಿಕಾರಿ ಹಾಳೆ ತೋರಿಸಿದರು. ಇಲ್ಲಿ ಹೀಗೇ ಬರೆದಿದೆ, ನಾನು ಬರೆದದ್ದಲ್ಲ.

ಆಗ ಮಾವಶಿ ಎದ್ದು ನಿಂತಳು. ಆಕೆಯ ಮುಖದಲ್ಲಿ ಆತಂಕ ಇರಲಿಲ್ಲ. ತನ್ನ ಕೈಯಲ್ಲಿ ಎಲ್ಲರಿಗಿಂತ ದೊಡ್ಡ ಸಾಕ್ಷಿ ಇದೆ ಎಂದು ಗೊತ್ತಿದ್ದವರು ನಿಲ್ಲುವ ಹಾಗೆ ನಿಂತಳು. ಅರ್ಧ ಕನ್ನಡ ಬೆರೆತ ತನ್ನ ಮರಾಠಿಯಲ್ಲಿ ಹೇಳಿದಳು: ಆ ಕಾಗದ ಬರೆದವಳು ಇಲ್ಲೇ ಕುಳಿತಿದ್ದಾಳೆ, ನನ್ನ ಅಕ್ಕನ ಮಗಳು, ಸುಳ್ಳು ಹೇಳುವವಳಲ್ಲ, ಕುರಣ ಎಂದರೇನು ಎಂದು ನಾನು ಆಕೆಗೆ ಎಲ್ಲ ಹೇಳಿದ್ದೇನೆ, ಆಕೆಯನ್ನೇ ಕೇಳಿ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹೇಳ ವಕೀಲಬಾಯಿ," ಎಂದಳು.

ಎಲ್ಲರೂ ನನ್ನನ್ನು ನೋಡಿದರು. ನಾನು ಎದ್ದು ನಿಂತೆ. ಅಧಿಕಾರಿ ಕೇಳಿದರು. "ತುಮ್ಹೀ ತಿಥೇ ಗವತ ಪಾಹಿಲಂ ಕಾ? ಹೋ ಕೀ ನಾಹೀ?" ಅಲ್ಲಿ ಹುಲ್ಲು ನೋಡಿದಿರಾ, ಹೌದೋ ಇಲ್ಲವೋ.

ಕಾಲೇಜಿನಲ್ಲಿ ನನ್ನ ಕಿರಿಯರಿಗೆ ನಾನು ಮೊದಲು ಕಲಿಸುತ್ತಿದ್ದದ್ದೇ ಇದು. ಹೌದು–ಇಲ್ಲ ಎಂಬ ಪ್ರಶ್ನೆಗೆ ಎಂದೂ ಹೌದು ಇಲ್ಲ ಎಂದು ಉತ್ತರಿಸಬೇಡಿ, ಪ್ರಶ್ನೆಯನ್ನೇ ಒಡೆಯಿರಿ. ಯಾವ ತಿಂಗಳಲ್ಲಿ ನೋಡಿದ್ದು? ಯಾವುದನ್ನು ಹುಲ್ಲು ಎಂದು ಕರೆಯುತ್ತೀರಿ? ನನಗೆ ಗೊತ್ತಿರದ್ದಲ್ಲ. "ನಾಹೀ" ಎಂದೆ, ಅದರ ಹಿಂದೆಯೇ "ಆದರೆ" ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ಮುಂದಿನ ಪ್ರಶ್ನೆ ಏನು ಬರುತ್ತದೆ ಎಂದು ಮೊದಲೇ ಕಾಣುವುದೂ ನನಗೆ ಅಭ್ಯಾಸವಾಗಿಬಿಟ್ಟಿದೆ. "ಆದರೆ" ಎಂದರೆ ಅವರು ಕೇಳುತ್ತಾರೆ: ಹಾಗಿದ್ದರೆ ಷರಾದಲ್ಲಿ ಯಾಕೆ ಬರೆಯಲಿಲ್ಲ? ಇಷ್ಟು ಜನರ ಎದುರು, ನನ್ನ ಮೊದಲ ಕೆಲಸದಲ್ಲಿ, ನಾನು ತಪ್ಪಿದೆ ಎಂದು ಹೇಳಬೇಕಾಗುತ್ತದೆ.

ಕುಳಿತುಬಿಟ್ಟೆ.

ಮಾವಶಿ ಇನ್ನೂ ನಿಂತಿದ್ದಳು. ನಾನು ಮತ್ತೆ ಏಳುತ್ತೇನೆ ಎಂದು ಕಾಯುತ್ತಿದ್ದಳು ಎಂದು ನನಗೆ ಖಾತ್ರಿ. ಅಧಿಕಾರಿ ಮುಂದಿನ ಪುಟ ತಿರುವಿದರು. ಪಕ್ಕದ ಹೆಂಗಸು ಸೆರಗು ಹಿಡಿದು ಜಗ್ಗಿದ ಮೇಲೆ ಆಕೆ ಕುಳಿತಳು.

ಸಭೆ ಮುಗಿದ ಮೇಲೆ ಇಬ್ಬರೂ ಮನೆಗೆ ನಡೆದೆವು. ಬೈಯಲಿ ಎಂದು ಕಾದೆ. ಒಂದು ಮಾತು ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ಆಕೆ ತಿರುಗಿ ಕೊಡುತ್ತಿದ್ದಳು, ಹೇಗೋ ನಾವು ಅದನ್ನು ದಾಟುತ್ತಿದ್ದೆವು. "ಉಂಡ ಹೋಗ," ಎಂದಳು. ರೊಟ್ಟಿ, ಪುಂಡಿಪಲ್ಲೆ, ಗಟ್ಟಿ ಮೊಸರು. ನಾನು ಉಂಡೆ. ತಲೆ ಎತ್ತದೆ ಎರಡು ರೊಟ್ಟಿ ಉಂಡದ್ದು ನನಗೆ ನೆನಪಿದೆ. ಬಡಿಸುವಾಗ ಆಕೆಯ ಸೆರಗಿನ ಅಂಚಿನಲ್ಲಿ ಇನ್ನೂ ಒಂದು ಕುಸಳಿ ಚುಚ್ಚಿಕೊಂಡಿತ್ತು.

ಆ ಒಂದು ಸಾಲು ಷರಾ ಬರೆದಿದ್ದರೆ ಏನಾದರೂ ಬದಲಾಗುತ್ತಿತ್ತೇ? ಗೊತ್ತಿಲ್ಲ. ಫೈಲು ಹೇಗಿದ್ದರೂ ಮುಂದೆ ಹೋಗುತ್ತಿತ್ತೋ ಏನೋ. ಆಗದೇ ಹೋದದ್ದನ್ನು ಯಾರೂ ಸಾಬೀತು ಮಾಡಲಾರರು. ನನ್ನ ಪರವಾಗಿ ಇರುವ ಅತ್ಯುತ್ತಮ ವಾದ ಇದು. ವಿಶ್ರಾಮಬಾಗದ ನಮ್ಮ ಮನೆಯ ಗಚ್ಚಿಯ ಮೇಲೆ ಅತ್ತಿಂದಿತ್ತ ತಿರುಗಾಡುತ್ತ ನಾನು ಇದನ್ನು ಎಷ್ಟೋ ಸಲ ಮಂಡಿಸಿದ್ದೇನೆ, ಪ್ರತಿ ಸಲವೂ ಗೆದ್ದಿದ್ದೇನೆ. ಗೆದ್ದು ಕೆಳಗಿಳಿದು ಬಂದರೆ ಊಟ ಸೇರುವುದಿಲ್ಲ.

ಮಳೆ ಬಿತ್ತು. ಜುಲೈನಲ್ಲಿ ಕಾಕಾ ಫೋನು ಮಾಡಿದರು. ಅವರು ಫೋನು ಮಾಡುವವರಲ್ಲ.

"ಒಮ್ಮೆ ಬಂದ ಹೋಗವಾ. ನಿನ್ನ ಮಾವಶಿ ದಿನಾ ಬೇಲಿ ಕಡೆ ಹೋಗಿ ನಿಂದರ್ತಾಳ."

ಹೋದೆ. ಉತ್ತರದ ಇಳಿಜಾರಿನ ಸುತ್ತ ಖಣಿಯವರು ತಂತಿ ಬಿಗಿದಿದ್ದರು. ಕಂಬಗಳ ಸಿಮೆಂಟು ಇನ್ನೂ ಹೊಸದಾಗಿತ್ತು. ಒಳಗೆ, ನಾನು ಸೊನ್ನೆ ಬರೆದ ನೆಲದ ಮೇಲೆ, ಮೊಳಕಾಲಿನ ತನಕ ಹುಲ್ಲು ನಿಂತಿತ್ತು. ಗಾಳಿ ಬಂದಾಗ ಒಂದು ಮಗ್ಗುಲಿಗೆ ಬೆಳ್ಳಗೆ ಹೊಳೆದು ಮತ್ತೆ ಹಸಿರಾಗುತ್ತಿತ್ತು. ಕುಸಳಿ, ಪವನ್ಯಾ, ಮಾರವೇಲ, ತಗ್ಗಿನಲ್ಲಿ ಕರಿಕಿ. ಆಕೆ ಹೇಳಿದ ಎಲ್ಲವೂ, ಆಕೆ ಹೇಳಿದ ಎತ್ತರಕ್ಕೆ. ನಡುನಡುವೆ ನನಗೆ ಹೆಸರೇ ಗೊತ್ತಿರದ ಸಣ್ಣ ಸಣ್ಣ ನೀಲಿ ಹೂವು.

ನನ್ನ ಜೊತೆ ಚೌಕಟ್ಟು ತಂದಿದ್ದೆ. ತಂತಿಯ ಸಂದಿಯಲ್ಲಿ ಅದು ಒಳಗೆ ಹೋಗಲಿಲ್ಲ, ಅಡ್ಡ ಹಿಡಿದರೂ ಇಲ್ಲ, ಓರೆ ಮಾಡಿದರೂ ಇಲ್ಲ. ಕೊನೆಗೆ ಬೇಲಿಗೆ ಆನಿಸಿ ನೆಟ್ಟಗೆ ನಿಲ್ಲಿಸಿ, ಅದರ ದಾರಗಳ ನಡುವಿನಿಂದ ಆಚೆಯ ಹುಲ್ಲನ್ನು ನೋಡಿ ಬರೆಯತೊಡಗಿದೆ. ಮಾವಶಿ ಪಕ್ಕದಲ್ಲಿ ನಿಂತಿದ್ದಳು.

"ಈಗ ಕಿಟಕಿ ಆತ ನೋಡ," ಎಂದಳು.

ನನ್ನ ಜೊತೆ ಆಕೆ ಆಡಿದ ಕೊನೆಯ ಚೇಷ್ಟೆಯ ಮಾತು ಅದು. ಅದರಲ್ಲಿ ಚೇಷ್ಟೆ ಎಷ್ಟು ಉಳಿದಿತ್ತು ಎಂದು ಈಗಲೂ ನನಗೆ ಹೇಳಲಾಗದು.

ಬೇಲಿಯ ಉದ್ದಕ್ಕೂ ಹಾಗೇ ಬರೆದೆ. ಈ ಸಲ ಷರಾ ಕಾಲಂ ತುಂಬಿ, ಹಾಳೆಯ ಬೆನ್ನಿಗೂ ಹರಿಯಿತು. ಸರ್‌ಗೆ ಕಳಿಸಿದೆ, ಕಚೇರಿಗೂ ಅರ್ಜಿ ಕೊಟ್ಟು, ಮುಟ್ಟಿತು ಎಂಬ ಠಸ್ಸೆ ಹಾಕಿಸಿಕೊಂಡು ಬಂದೆ. ಸರ್ ಎರಡು ದಿನ ಬಿಟ್ಟು ಫೋನು ಮಾಡಿದರು. ಕೆಲಸ ಅಚ್ಚುಕಟ್ಟಾಗಿದೆ ಎಂದರು. ಆಮೇಲೆ, ಇದನ್ನು ಆಗ ಹೇಳಬೇಕಾಗಿತ್ತು, ಆಗ ನಾನು ಮಳೆಯ ನಂತರದ ತಪಾಸಣೆ ಕೇಳಬಹುದಾಗಿತ್ತು ಎಂದರು. ಸಿಟ್ಟಿರಲಿಲ್ಲ. ಬೇಜಾರಾಗಿ ಹೇಳಿದರು ಅಷ್ಟೇ. ಕಚೇರಿಯಿಂದ ಉತ್ತರ ಬರಲಿಲ್ಲ.

ದಸರೆ ಬರುವ ಮೊದಲೇ ಯಂತ್ರ ಬಂತು. ಹುಲ್ಲು ತೆನೆ ಬಿಟ್ಟಿತ್ತು, ಕೊಯ್ಲಿಗೆ ಇನ್ನು ಕೆಲವೇ ದಿನ. ಒಂದು ಸಲ ಒಳಗೆ ಬಿಡಿ, ಕೊಯ್ದುಕೊಂಡು ಹೋಗುತ್ತೇವೆ ಎಂದು ಊರವರು ಕೇಳಿದರು. ಸುರಂಗ ಹಾರಿಸುವ ಜಾಗ, ಯಾರಿಗಾದರೂ ಕಲ್ಲು ಬಡಿದರೆ ಹೊಣೆ ಯಾರು ಎಂದು ಖಣಿಯ ಮುಕಾದಮ ಹೇಳಿದ. ಆ ಮಾತೂ ತಪ್ಪಲ್ಲ. ಈ ಇಡೀ ವಿಷಯದಲ್ಲಿ ತಪ್ಪು ಮಾತು ಆಡಿದವರು ಯಾರು ಎಂದು ಹುಡುಕಿದರೆ ನನಗೆ ಯಾರೂ ಸಿಗುವುದಿಲ್ಲ. ಎಲ್ಲರೂ ಸರಿಯಾಗಿಯೇ ಮಾತಾಡಿದ್ದರು.

ಆ ದಿನ ನಾನು ಅಲ್ಲಿದ್ದೆ. ಯಂತ್ರ ಮೊದಲು ಕೆರೆದದ್ದು ಮೇಲಿನ ಮಣ್ಣನ್ನು. ಹುಲ್ಲು ನಿಂತಂತೆಯೇ ಬುಡಸಮೇತ ಮಗುಚಿಕೊಂಡಿತು, ಕಂಬಳಿ ಸುತ್ತಿದಂತೆ ಸುತ್ತಿಕೊಂಡು ಒಂದು ಕಡೆ ಗುಡ್ಡೆ ಬಿತ್ತು. ಬೇರುಗಳು ನಾನು ಎಣಿಸಿದ್ದಕ್ಕಿಂತ ಉದ್ದವಾಗಿದ್ದವು, ಬೆಳ್ಳಗೆ, ತೇವವಾಗಿ. ನೆಲದ ಕೆಳಗೆ ಇದ್ದದ್ದು ಅದು. ಮಾವಶಿ ಮೊದಲ ದಿನವೇ ಕೇಳಿದ್ದಳು. ಈಗ ಆಕೆ ಬೇಲಿಯ ಹೊರಗೆ ನಿಂತಿದ್ದಳು, ಕೈಯಲ್ಲಿ ಕುಡುಗೋಲು. ಒಳಗೆ ಬಿಟ್ಟರೂ ಬಿಡಬಹುದು ಎಂದು ಬೆಳಿಗ್ಗೆಯೇ ಮಸೆದು ತಂದಿದ್ದಳು. ಅದರ ಅಲಗು ಬಿಸಿಲಿಗೆ ಹೊಳೆಯುತ್ತಿತ್ತು. ಆಕೆ ಅದನ್ನು ಸೆರಗಿನಲ್ಲಿ ಸುತ್ತಿ ಮುಚ್ಚಿಕೊಂಡಳು.

ಹುಲ್ಲಿಲ್ಲದೆ ಮೂರು ಎಮ್ಮೆ ಸಾಕಲಾಗಲಿಲ್ಲ. ಕಬ್ಬಿನ ತುದಿಯ ವಾಡೆ ಸಿಗುವ ತಿಂಗಳು ಹೇಗೋ ನಡೆಯಿತು, ಆಮೇಲೆ ಒಂದನ್ನು ಕೊಟ್ಟರು, ಇನ್ನೊಂದನ್ನೂ ಕೊಟ್ಟರು. ಈಗ ಒಂದೇ ಇದೆ, ವಯಸ್ಸಾದದ್ದು, ಯಾರೂ ಕೇಳದ್ದು.

ನಾನು ಹೋಗುವುದನ್ನು ಬಿಟ್ಟಿಲ್ಲ. ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಆಕೆ ನನ್ನ ಮೇಲೆ ಸಿಟ್ಟಾಗಿಲ್ಲ. ಚಹಾ ಮಾಡುತ್ತಾಳೆ, ಅವ್ವನ ಮಂಡಿನೋವು ಕೇಳುತ್ತಾಳೆ, ಬುತ್ತಿ ಕಟ್ಟಿ ಕೊಡುತ್ತಾಳೆ. ವಾದ ಮಾತ್ರ ಮಾಡುವುದಿಲ್ಲ. ನಾನು ಏನು ಹೇಳಿದರೂ, "ಹೂಂ, ಇರಬೇಕ," ಎನ್ನುತ್ತಾಳೆ. ಬಸ್ಸು ಇಳಿದಾಗ ವಕೀಲಬಾಯಿ ಎಂದು ಕರೆಯುವುದಿಲ್ಲ. ಕಳೆದ ಸಲ ಕಾಕಾ ನನ್ನನ್ನು ಬದಿಗೆ ಕರೆದು ಹೇಳಿದರು, "ಮೊದಲ ನನ್ನ ದಿನಾ ಬೈತಿದ್ಲು. ಈಗ ಬೈಯೂದಿಲ್ಲ. ಮನಿ ಒಂಥರಾ ಆಗೇತಿ."

ಈ ವರ್ಷದ ಮೇ ಕೊನೆಯಲ್ಲಿ ಹೋದಾಗ ನಾನು ಬೇಕೆಂದೇ ಕೆಣಕಿದೆ. ಸಾಯಂಕಾಲ ಕಟ್ಟೆಯ ಮೇಲೆ ಕುಳಿತಿದ್ದೆವು. ಖಣಿಯ ಕಡೆಯಿಂದ ಕಲ್ಲು ಪುಡಿ ಮಾಡುವ ಸದ್ದು ಬರುತ್ತಿತ್ತು. ಇನ್ನೇನೂ ತೋಚದೆ ಹಳೆಯ ಜಗಳವನ್ನೇ ಎತ್ತಿದೆ.

"ಮಾವಶಿ, ಖರೆ ಹೇಳಬೇಕಂದ್ರ ಕೃಷ್ಣಾದ ನೀರ ಸಿಹಿ. ವಾರಣಾದ್ದ ಸಪ್ಪಗ."

ಕಾದೆ. ಕಣ್ಣಿಗೆ ಸೆರಗು ಕಟ್ಟಿ ಮೂರು ಸಲ ಸೋತರೂ ಬಿಟ್ಟುಕೊಡದಿದ್ದ ಮಾತು ಅದು. ಆಕೆ ನನ್ನನ್ನು ಒಮ್ಮೆ ನೋಡಿದಳು. ಕಣ್ಣಿನಲ್ಲಿ ಏನೋ ಬಂತು ಎಂದುಕೊಂಡೆ, ಹೋಯಿತು.

"ಇರಬೇಕ. ನೀ ನೋಡಿರ್ತಿ," ಎಂದಳು.

ಮೊಳಕಾಲ ಮೇಲೆ ಕೈಯೂರಿ ಎದ್ದಳು. ಗೋಡೆಗೆ ಒರಗಿಸಿದ್ದ ಬುಟ್ಟಿ ತೆಗೆದುಕೊಂಡಳು. "ನಾ ಹೇಳಿದ್ದು ತಪ್ಪು ಐತಿ, ನಾ ತಗೀತೇನಿ," ಎಂದು ನಾನು ಬುಟ್ಟಿಯ ಇನ್ನೊಂದು ಅಂಚು ಹಿಡಿದೆ.

"ಬಿಡವಾ. ನೀ ಯಾಕ ತಗೀತಿ? ಸೋತಾಕಿ ನಾ," ಎಂದಳು. ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಒಂದೇ ಎಮ್ಮೆ ಕಟ್ಟಿದ ಗೋದಲಿಯ ಕಡೆ ಹೋದಳು.